ಬಾಗಿಲ ಚಿಲಕ, ದಾರಂದದ ಚಿಲಕ

ಪಿಸ್ತೂಲು ಎಂಬ ವಸ್ತು ನಮ್ಮ ಹೊಲಿಗೆ ಕೋಣೆಗೆ ಮೊದಲು ಬಂದದ್ದು ನೀಲಿ ಬಣ್ಣದ ಪ್ಲಾಸ್ಟಿಕ್ಕಾಗಿ. ಮೇಜಿನ ಮೇಲೆ ಅರ್ಧ ಹೊಲಿದ ಶಾಲೆಯ ಚೀಲವೊಂದಿತ್ತು. ಅದನ್ನು ಸರಿಸಿ, ಹಳೆಯ ಪತ್ರಿಕೆ ಹಾಸಿ, ಅದರ ಮೇಲೆ ಇಟ್ಟೆ. ನನ್ನ ಓರಗಿತ್ತಿ, ಅಂದರೆ ನಮ್ಮ ಯಜಮಾನರ ಅಣ್ಣನ ಹೆಂಡತಿ, ನಾನು ಅಕ್ಕ ಎಂದು ಕರೆಯುವವರು, ಮೆಷಿನ್ನಿನ ಚಕ್ರ ನಿಲ್ಲಿಸಿ ನೋಡಿದರು.

"ದೇವರ ಪಟದ ನೇರಕ್ಕೆ ಇಡ್ಬೇಡ ಮಾರಾಯ್ತಿ," ಎಂದರು.

ನಾನು ಅದರ ಮೂತಿಯನ್ನು ಗೋಡೆಯ ಕಡೆಗೆ ತಿರುಗಿಸಿದೆ. ಪ್ಲಾಸ್ಟಿಕ್ಕಾದರೂ ಮೂತಿ ಮೂತಿಯೇ.

ತಂದವರು ಸಮವಸ್ತ್ರದ ಒಂದು ದಳದ ಮಹಿಳಾ ಅಧಿಕಾರಿ, ನಮಗೆಲ್ಲ ಮೇಡಂ. ಯಾವ ದಳ ಎಂದು ಬರೆಯುವುದು ಬೇಡ. ಅವರು ತಮ್ಮ ದಳದ ಹೆಂಗಸರ ಶೂಟಿಂಗ್ ತಂಡಕ್ಕೆ ಕೋಚ್. ದೇಲಂಪಾಡಿಯ ಕಾಡಂಚಿನಲ್ಲಿ ಒಬ್ಬ ಅರಣ್ಯ ವಾಚರನ ಸೊಂಟದಲ್ಲಿ ವಾಕಿಟಾಕಿಯ ಚೀಲವನ್ನು ಕಂಡು, ಇದನ್ನು ಹೊಲಿದವರು ಯಾರು ಎಂದು ಕೇಳುತ್ತಾ ಅಡೂರಿನ ನಮ್ಮ ಕೋಣೆಯವರೆಗೆ ಬಂದಿದ್ದರು. ನಮ್ಮದು ವಾರ್ಡಿನ ಅಯಲ್‌ಕೂಟದ, ಅಂದರೆ ನೆರೆಹೊರೆಯ ಸ್ವಸಹಾಯ ಗುಂಪಿನ, ಹೆಂಗಸರು ಸೇರಿ ನಡೆಸುವ ಕೋಣೆ. ರೇಷನ್ ಅಂಗಡಿಯ ಮೇಲೆ ಉಂಟು. ಚೀಲ, ಬೆಲ್ಟು, ಪೌಚು ಹೊಲಿಯುತ್ತೇವೆ. ಮನೆಗೆಲಸ ಮುಗಿಸಿ, ದೇವರಿಗೆ ಹೂವಿಟ್ಟು, ಮಧ್ಯಾಹ್ನದ ಅಡಿಗೆಯನ್ನು ಮುಚ್ಚಿಟ್ಟು ಬಂದರೆ ಸಂಜೆಯ ಬಸ್ಸಿನವರೆಗೆ ಅಲ್ಲಿ.

ಮೇಡಮ್ಮಿನ ತೊಂದರೆ ಸರಳವಾಗಿತ್ತು. ಅವರ ತಂಡಕ್ಕೆ ಸಿಕ್ಕಿದ್ದ ಚರ್ಮದ ಹೋಲ್‌ಸ್ಟರುಗಳು, ಎಂದರೆ ಪಿಸ್ತೂಲು ಇಡುವ ಒರೆಗಳು, ಗಂಡಸರ ಸೊಂಟಕ್ಕೆ ಮಾಡಿದವು. ಹೆಂಗಸರು ಕಟ್ಟಿದರೆ ಹಿಡಿ ಪಕ್ಕೆಲುಬಿಗೆ ಒತ್ತುತ್ತದೆ, ತೆಗೆಯುವಾಗ ಮೊಣಕೈ ಕಿವಿಯ ಮಟ್ಟಕ್ಕೆ ಏಳಬೇಕು. ಸ್ಪರ್ಧೆಯಲ್ಲಿ ಸೀಟಿ ಊದಿದ ಮೇಲೆ ಒರೆಯಿಂದ ಎಳೆದು ಗುರಿಯಿಡುವುದಕ್ಕೆ ಎಷ್ಟು ಹೊತ್ತು ಎಂಬುದರ ಮೇಲೆ ಲೆಕ್ಕ. ಅಲ್ಲಿ ಇವರು ಪ್ರತಿ ಸಲ ಹಿಂದೆ ಬೀಳುತ್ತಿದ್ದರು. ಒರೆ ಸ್ವಲ್ಪ ಕೆಳಗೆ ಇಳಿಯಬೇಕು, ಸ್ವಲ್ಪ ಹೊರಗೆ ವಾಲಬೇಕು, ಓಡಿದರೂ ಅಲುಗಾಡಬಾರದು. ನಿಜವಾದ ಪಿಸ್ತೂಲನ್ನು ಕ್ಯಾಂಪಿನ ಹೊರಗೆ ತರುವಂತಿಲ್ಲವಾದ್ದರಿಂದ ತರಬೇತಿಗೆ ಬಳಸುವ ನೀಲಿ ಬೊಂಬೆಯನ್ನು ಅಳತೆಗೆ ಕೊಟ್ಟರು.

ಒಪ್ಪಿದೆವು. ದೇವರ ದಯೆಯಿಂದ ಅಂಗೈಯಲ್ಲಿ ಒಂದು ವಿದ್ಯೆ ಇತ್ತು. ನನ್ನ ಅತ್ತೆ ಅಡಿಕೆ ಹಾಳೆಯ ಟೊಪ್ಪಿ, ನಮ್ಮ ಕಡೆಯ ಮುಟ್ಟಾಳೆ, ಹೊಲಿಯುವುದರಲ್ಲಿ ಎತ್ತಿದ ಕೈ. ಅವರಿಂದ ನಾವಿಬ್ಬರೂ ಸೊಸೆಯಂದಿರು ಕಲಿತೆವು. ಹಾಳೆಯನ್ನು ನೀರಲ್ಲಿ ನೆನೆಸಿದರೆ ಬಟ್ಟೆಯ ಹಾಗೆ ಬಾಗುತ್ತದೆ. ಅಚ್ಚಿಗೆ ಒತ್ತಿ ಕಟ್ಟಿ ಒಣಗಿಸಿದರೆ ಮರದ ಹಾಗೆ ನಿಲ್ಲುತ್ತದೆ. ನೀಲಿ ಬೊಂಬೆಯ ಮೇಲೆ ಒದ್ದೆ ಹಾಳೆಯನ್ನು ಒತ್ತಿ ಕಟ್ಟಿದೆವು. ಒಣಗಿದ ಚಿಪ್ಪನ್ನು ಬಿಚ್ಚಿದಾಗ ಒಳಗೆ ಪಿಸ್ತೂಲಿನ ಉಬ್ಬು ತಗ್ಗು ಅಷ್ಟೂ ಮೂಡಿತ್ತು. ಅದನ್ನೇ ಅಳತೆಯಾಗಿಟ್ಟು ನೈಲಾನ್ ಬಟ್ಟೆ ಕತ್ತರಿಸಿದೆವು. ಎರಡು ಪದರದ ನಡುವೆ ಗಟ್ಟಿ ಪ್ಲಾಸ್ಟಿಕ್ ಶೀಟು, ಒಳಮೈಗೆ ಮೆತ್ತನೆಯ ಅಸ್ತರು. ಮೇಲೊಂದು ಪಟ್ಟಿ. ಅದು ಮೈಯ ಕಡೆಯಿಂದ ಹೊರಟು ಪಿಸ್ತೂಲಿನ ಹಿಂಭಾಗವನ್ನು ಬಳಸಿ ಹೊರಗಡೆ ಟಿಚ್ ಬಟನ್ನಿಗೆ ಕೂರುತ್ತದೆ. ಹೆಬ್ಬೆರಳಿನಲ್ಲಿ ಮೀಟಿ ತೆಗೆಯಲಿಕ್ಕೆ ಪಟ್ಟಿಯ ಬುಡದಲ್ಲಿ ಒಂದು ಗಟ್ಟಿ ನಾಲಗೆ.

ಪಟ್ಟಿಯನ್ನು ಅಳತೆಗಿಂತ ಒಂದು ನೂಲಿನಷ್ಟು ಬಿಗಿಯಾಗಿಯೇ ಇಟ್ಟೆವು. ಮುಟ್ಟಾಳೆ ಹೊಲಿಯುವವರ ರೂಢಿ ಅದು. ಹಾಳೆ ತಲೆಯ ಬೆವರಿಗೆ ಸಡಿಲುತ್ತದೆ, ಅದಕ್ಕೆ ಮೊದಲೇ ಬಿಗಿ ಹೊಲಿಯುವುದು. ನೈಲಾನ್ ಸಡಿಲುವುದಿಲ್ಲ ಎಂದು ನಮಗೆ ಗೊತ್ತಿಲ್ಲದೆ ಅಲ್ಲ. ಕೈಗೆ ಗೊತ್ತಾಗಬೇಕಲ್ಲ.

ಒರೆಗಳನ್ನು ಕೊಂಡುಹೋದ ಮೇಡಂ ಮರುವಾರ ಫೋನ್ ಮಾಡಿ, ಚೆನ್ನಾಗಿ ಉಂಟು, ನಮ್ಮ ಹುಡುಗಿಯರ ಕೈ ಬೇಗ ಆಗಿದೆ ಎಂದರು. ಸ್ಪರ್ಧೆಗೆ ತಂಡ ಆರಿಸುವ ಆಯ್ಕೆಯ ದಿನ ಎಲ್ಲ ಸರಿಯಾಗಿ ನಡೆದರೆ ಕ್ಯಾಂಪಿನ ಉಳಿದ ಹೆಂಗಸರಿಗೂ ನಮ್ಮಿಂದಲೇ ಹೊಲಿಸುವುದಾಗಿ ಹೇಳಿದರು. ಅಗಲ್ಪಾಡಿಯ ದೇವಿಗೆ ಒಂದು ಹಣ್ಣುಕಾಯಿ ಮಾಡಿಸಿದೆ. ಅದೇ ನನ್ನ ದೊಡ್ಡ ಹಬ್ಬ.

ಆಮೇಲೆ ಒಂದು ದಿನ ಆ ಹುಡುಗಿ ಬಂದಳು.

ತಂಡದಲ್ಲಿ ಎಲ್ಲರಿಗಿಂತ ಕಿರಿಯಳು. ದೇಲಂಪಾಡಿ ಕಡೆಯವಳು, ತುಳು ಮನೆಮಾತು. ರಜೆಯಲ್ಲಿ ಮನೆಗೆ ಹೋಗುವ ದಾರಿಯಲ್ಲಿ ಬಸ್ಸಿಳಿದು ನಮ್ಮ ಮೆಟ್ಟಿಲು ಹತ್ತಿದ್ದಳು. ಒರೆಯ ಬೆಲ್ಟು ಸ್ವಲ್ಪ ಸಡಿಲ ಮಾಡಿಕೊಡಿ ಎಂದಳು. ನಾನು ಕಟ್ಟಿ ನೋಡಿದೆ, ಸರಿಯಾಗಿಯೇ ಇತ್ತು. ನೀರು ಕೊಟ್ಟೆ, ಬೆಲ್ಲ ಕೊಟ್ಟೆ. ಅವಳು ಬೆಲ್ಲವನ್ನು ಕೈಯಲ್ಲೇ ಹಿಡಿದು ಕೂತಳು.

"ಮಾಮಿ, ನನ್ನನ್ನು ತಂಡದಿಂದ ತೆಗೀತಾರೆ," ಎಂದಳು.

ಕೇಳಿದರೆ ವಿಷಯ ಹೀಗೆ. ಅಭ್ಯಾಸದಲ್ಲಿ ಪಿಸ್ತೂಲನ್ನು ಸೇಫ್ಟಿ ಹಾಕಿಯೇ ಒರೆಯಲ್ಲಿಡಬೇಕು. ಸೇಫ್ಟಿ ಎಂದರೆ ಹಿಂಭಾಗದಲ್ಲಿ ಹೆಬ್ಬೆರಳಿಗೆ ಸಿಗುವ ಒಂದು ಚಿಕ್ಕ ಸನ್ನೆ, ಎಂದರೆ ಲಿವರ್, ಅದು ಹಾಕಿದ್ದರೆ ಗುಂಡು ಹಾರುವುದಿಲ್ಲ. ಎಳೆದು, ಮೂತಿ ಗುರಿಯ ಕಡೆ ತಿರುಗಿದ ಮೇಲಷ್ಟೇ ಅದನ್ನು ತೆಗೆಯಬೇಕು. ಸೀಟಿಗೆ ಮೊದಲು ಮೇಡಂ ಸಾಲಿನಲ್ಲಿ ನಡೆದು ಒಬ್ಬೊಬ್ಬರ ಪಟ್ಟಿಯನ್ನೂ ಬಿಚ್ಚಿ ನೋಡುತ್ತಾರೆ. ಇವಳದ್ದು ಮಾತ್ರ ಮತ್ತೆ ಮತ್ತೆ ಸೇಫ್ಟಿ ತೆಗೆದ ಸ್ಥಿತಿಯಲ್ಲಿ ಸಿಗುತ್ತಿತ್ತು. ಗುಂಡು ಹಾಕದ ಅಭ್ಯಾಸವಾದ್ದರಿಂದ ಅನಾಹುತ ಆಗಲಿಲ್ಲ. ಆದರೆ ಒರೆಯೊಳಗೆ ಸೇಫ್ಟಿ ತೆಗೆದ ಪಿಸ್ತೂಲು ಇಟ್ಟುಕೊಂಡವಳನ್ನು ಸ್ಪರ್ಧೆಗೆ ಯಾರು ಕರೆದುಕೊಂಡು ಹೋಗುತ್ತಾರೆ? ಇನ್ನೊಂದು ಸಲ ಹಾಗಾದರೆ ನಿನ್ನ ಜಾಗಕ್ಕೆ ಬೇರೆಯವಳು ಎಂದಿದ್ದರಂತೆ.

"ನಾನು ಹಾಕ್ತೇನೆ ಮಾಮಿ. ದೇವರಾಣೆ ಹಾಕ್ತೇನೆ. ನೋಡುವಾಗ ಹಾಕಿರುವುದಿಲ್ಲ."

ಅಕ್ಕ ಮೆಷಿನ್ನಿನಿಂದಲೇ, "ನಿನ್ನ ಪಿಸ್ತೂಲಿಗೆ ಎಂತ, ಭೂತ ಬರ್ತದಾ?" ಎಂದರು. ಹುಡುಗಿಗೆ ನಗು ಬಂತು, ಜತೆಗೆ ಕಣ್ಣೂ ತುಂಬಿತು.

ನಾನು ನೀಲಿ ಬೊಂಬೆಯನ್ನು ತೆಗೆದು ಅವಳ ಒರೆಯಲ್ಲಿಟ್ಟು ಬಟನ್ ಹಾಕಿದೆ. ಚೆನ್ನಾಗಿ ಕೂತಿತು. ಬೊಂಬೆಯ ಸೇಫ್ಟಿ ಅಲುಗುವುದಿಲ್ಲ, ಪ್ಲಾಸ್ಟಿಕ್ಕಿನ ಒಂದು ಉಬ್ಬು ಅಷ್ಟೇ. ಹುಡುಗಿ ಆ ಉಬ್ಬನ್ನು ನೋಡಿ, ತನ್ನದರಲ್ಲಿ ಅದು ಇಲ್ಲಿ ಅಲ್ಲ, ಇಲ್ಲಿ ಎಂದು ಒಂದು ಬೆರಳು ಕೆಳಗೆ ತೋರಿಸಿದಳು. ಅವಳಿಗೆ ಮತ್ತು ಇನ್ನೊಬ್ಬಳಿಗೆ ಸಿಕ್ಕಿದ್ದು ಆಮೇಲೆ ಬಂದ ಪಿಸ್ತೂಲುಗಳಂತೆ. ನೋಡಲಿಕ್ಕೆ ಒಂದೇ. ಆ ಇನ್ನೊಬ್ಬಳು ಹೆರಿಗೆ ರಜೆಯಲ್ಲಿದ್ದಳು. ಹಾಗಾಗಿ ಹೊಸ ಪಿಸ್ತೂಲನ್ನು ನಮ್ಮ ಒರೆಯಲ್ಲಿ ಕಟ್ಟಿಕೊಂಡು ಓಡುತ್ತಿದ್ದವಳು ಇವಳೊಬ್ಬಳೇ.

ಅವಳು ಹೋದ ಮೇಲೆ ನನ್ನ ಕೈ ಕೆಲಸಕ್ಕೆ ಓಡಲಿಲ್ಲ. ಅವಳು ಸುಳ್ಳು ಹೇಳುವ ಹುಡುಗಿಯಲ್ಲ. ಹಾಗಾದರೆ ಅವಳ ಕೈಗೂ ಮೇಡಮ್ಮಿನ ಕಣ್ಣಿಗೂ ನಡುವೆ ಇದ್ದದ್ದು ಒಂದೇ ವಸ್ತು, ಅದು ನಾವು ಹೊಲಿದದ್ದು.

ಅಕ್ಕನಿಗೆ ಹೇಳಿದೆ. "ನೀನು ಸುಮ್ಮನೆ ಇರು. ಉಳಿದವರಿಗೆಲ್ಲ ಸರಿ ಇಲ್ವಾ?" ಎಂದರು. ಆದರೆ ಹುಡುಗಿಯ ರಜೆ ಮುಗಿದ ಮರುದಿನ ಬೆಳಿಗ್ಗೆ ನಾನು ಬಸ್ಸಿಗೆ ಹೊರಟಾಗ ಕೈಚೀಲ ಹಿಡಿದು ಅವರೂ ನಿಂತಿದ್ದರು. ನನ್ನೊಬ್ಬಳನ್ನೇ ಕಳುಹಿಸಿದರೆ ನಾನು ಬಾಯಿ ಬಿಡುವುದಿಲ್ಲ ಎಂಬುದು ಅವರ ನಂಬಿಕೆ.

ಮೇಡಮ್ಮಿಗೆ ಮೊದಲೇ ಫೋನ್ ಮಾಡಿ, ನಿಜವಾದ ಪಿಸ್ತೂಲಿನಲ್ಲಿ ಒಮ್ಮೆ ಫಿಟ್ಟಿಂಗ್ ನೋಡಬೇಕು ಎಂದಷ್ಟೇ ಹೇಳಿದ್ದೆ. ಮುಳ್ಳೇರಿಯದ ಮೇಲಿಂದ ಹೋಗುವ ಬಸ್ಸು ಆ ದಿನ ಸರಿಯಾದ ಹೊತ್ತಿಗೆ ಬಂತು, ಕೂರಲು ಜಾಗವೂ ಸಿಕ್ಕಿತು. ಇಂಥದ್ದನ್ನೆಲ್ಲ ನಾನು ಎಣಿಸಿಡುತ್ತೇನೆ. ದೊಡ್ಡದನ್ನು ಕೊಡುವ ಮೊದಲು ದೇವರು ಚಿಕ್ಕದನ್ನು ಕೊಟ್ಟು ಧೈರ್ಯ ಹೇಳುತ್ತಾನೆ.

ಕ್ಯಾಂಪಿನ ಆಯುಧ ಕೋಣೆಯನ್ನು ನೋಡಿಕೊಳ್ಳುವವರು ಒಬ್ಬ ಆರ್ಮರರ್. ಪಿಸ್ತೂಲು ಬಿಚ್ಚಿ, ಒರೆಸಿ, ಎಣ್ಣೆ ಹಾಕಿ, ಜೋಡಿಸುವುದು ಅವರ ಕೆಲಸ. ಮಲಯಾಳಿ, ಆದರೆ ಕಾಸರಗೋಡಿನಲ್ಲೇ ಹುಟ್ಟಿದವರು, ಕನ್ನಡ ಬರುತ್ತದೆ. ಆದರೂ ಕರೆಯುವುದು ಚೇಚಿ, ಎಂದರೆ ಅಕ್ಕ, ಎಂದೇ. ನಮ್ಮನ್ನು ಜಾಲರಿಯ ಹೊರಗಿನ ಬೆಂಚಿನಲ್ಲಿ ಕೂರಿಸಿದರು. ಹುಡುಗಿಯ ಪಿಸ್ತೂಲು ತಂದು, ಗುಂಡು ತುಂಬುವ ಮ್ಯಾಗಜಿನ್ ತೆಗೆದು, ಮೇಲಿನ ಭಾಗವನ್ನು ಹಿಂದಕ್ಕೆಳೆದು ಒಳಗೆ ಬೆರಳಿಟ್ಟು ನೋಡಿದರು. ಮತ್ತೊಮ್ಮೆ ನೋಡಿದರು. ಆಮೇಲೆ ಮೂತಿಯನ್ನು ಮರಳು ತುಂಬಿದ ಡಬ್ಬದ ಕಡೆ ತಿರುಗಿಸಿ ಮೇಜಿನ ಮೇಲಿಟ್ಟರು. ಅಕ್ಕ ನನ್ನ ಮೊಣಕೈ ತಿವಿದರು. ನೀಲಿ ಬೊಂಬೆಗೂ ನಾವು ಅದನ್ನೇ ಮಾಡಿದ್ದೆವಲ್ಲ.

ಅವರು ಸೇಫ್ಟಿ ಹಾಕಿ, ಪಿಸ್ತೂಲನ್ನು ಒರೆಯಲ್ಲಿಟ್ಟು, ಬಟನ್ ಹಾಕಿದರು. ಬಿಚ್ಚಿದರು. ಸೇಫ್ಟಿ ತೆಗೆದಿತ್ತು. ಹುಬ್ಬು ಗಂಟಿಕ್ಕಿ ಮತ್ತೆ ಹಾಕಿದರು, ಮತ್ತೆ ಬಿಚ್ಚಿದರು. ಈ ಸಲ ಹಾಕಿದ್ದ ಹಾಗೆಯೇ ಇತ್ತು. ಮೂರನೇ ಸಲ ಮತ್ತೆ ತೆಗೆದಿತ್ತು. ಬಟನ್ ಹಾಕುವಾಗ ಪಟ್ಟಿಯ ಅಡಿಯಲ್ಲಿ ಎಂತ ಆಗುತ್ತದೆ ಎಂದು ಕಾಣುವುದಿಲ್ಲ. ಹೊಲಿಗೆಯನ್ನು ಬಿಚ್ಚಿದರೆ ಬಿಗಿ ಹೋಗುತ್ತದೆ, ಆಗ ನೋಡಿ ಪ್ರಯೋಜನವಿಲ್ಲ.

ನನ್ನ ಕೈಚೀಲದಲ್ಲಿ ದೇವಸ್ಥಾನದ ಕುಂಕುಮದ ಪೊಟ್ಟಣ ಇತ್ತು. ರವಿಕೆಯ ಕೈ ಎಲ್ಲಿ ಹಿಡಿಯುತ್ತದೆ ಎಂದು ತಿಳಿಯಲು ನಾವು ಸೀಮೆಸುಣ್ಣ ಹಚ್ಚುವುದುಂಟು. ಅದೇ ಬುದ್ಧಿ ಓಡಿತು.

"ಸಾರ್, ಈ ನಾಲಗೆಯ ಒಳಗಡೆಗೆ ಒಂದು ಚಿಟಿಕೆ ಕುಂಕುಮ ಹಚ್ಚುವಾ? ಎಲ್ಲಿ ತಾಗ್ತದೋ ಅಲ್ಲಿ ಅಂಟ್ತದೆ."

ಅವರು ಪಿಸ್ತೂಲನ್ನು ಮಗುವಿನ ಹಾಗೆ ತಮ್ಮ ಕಡೆ ಎಳೆದುಕೊಂಡರು. "ಚೇಚಿ, ಪುಡಿ ಒಳಗೆ ಹೋದರೆ ನಾನು ಎಲ್ಲ ಬಿಚ್ಚಬೇಕು."

"ಎಣ್ಣೆಯಲ್ಲಿ ಕಲಸ್ತೇನೆ. ಹಾರುವುದಿಲ್ಲ."

ಅವರು ಪೊಟ್ಟಣವನ್ನು ಬಿಡಿಸಿ ನೋಡಿದರು. ಆಮೇಲೆ ತಮ್ಮ ಎಣ್ಣೆಯ ಡಬ್ಬಿಯನ್ನೇ ನನ್ನ ಕಡೆ ತಳ್ಳಿ, "ಈ ವರ್ಷ ಆಯುಧ ಪೂಜೆ ಬೇಗ ಬಂತು," ಎಂದರು.

ಹಚ್ಚಿದೆ. ಅವರು ಸೇಫ್ಟಿ ಹಾಕಿ, ಒರೆಯಲ್ಲಿಟ್ಟು, ಬಟನ್ ಕೂರಿಸಿ, ನಿಧಾನಕ್ಕೆ ಬಿಚ್ಚಿದರು. ಸೇಫ್ಟಿಯ ಸನ್ನೆಯ ಮೇಲ್ಗಡೆ, ಹೆಬ್ಬೆರಳು ಒತ್ತುವ ಜಾಗದಲ್ಲೇ, ಕೆಂಪಗೆ ಒಂದು ಬೊಟ್ಟು. ಸನ್ನೆ ಕೆಳಗಿಳಿದಿತ್ತು. ನಮ್ಮ ನಾಲಗೆ ಹುಡುಗಿಯ ಹೆಬ್ಬೆರಳಿನ ಕೆಲಸವನ್ನು ಮಾಡುತ್ತಿತ್ತು. ಬಟನನ್ನು ಮೆಲ್ಲಗೆ ಕೂರಿಸಿದರೆ ಇಳಿಯುವುದಿಲ್ಲ, ಅವಸರದಲ್ಲಿ ಎಳೆದು ಕೂರಿಸಿದರೆ ಇಳಿಯುತ್ತದೆ. ಸಾಲಿನಲ್ಲಿ ನಿಂತವರು ಅವಸರದಲ್ಲೇ ಇರುವುದು.

"ಹಾಗಾದ್ರೆ ಉಳಿದವರಿಗೆ ಯಾಕೆ ಹೀಗಾಗುದಿಲ್ಲ?" ಅಕ್ಕ ಕೇಳಿದರು.

ಅವರು ಒಳಗೆ ಹೋಗಿ ಇನ್ನೊಂದು ಪಿಸ್ತೂಲು ತಂದು, ಅದನ್ನೂ ಹಾಗೆಯೇ ಖಾಲಿ ಮಾಡಿ ತೋರಿಸಿ, ಪಕ್ಕದಲ್ಲಿಟ್ಟರು. ಅವಳಿ ಮಕ್ಕಳು. ಮೇಲ್ಭಾಗ ತೆರೆದು ನಳಿಗೆ ಕಾಣುವ ಅದೇ ಆಕಾರ, ಅದೇ ಹಿಡಿ, ಅದೇ ತೂಕ. ಎರಡು ಕಾರ್ಖಾನೆ, ಮೂಲ ನಕ್ಷೆ ಒಂದೇ ಎಂದರು. ಒಂದು ಕಾರ್ಖಾನೆಯವರು ಆಮೇಲೆ ಸೇಫ್ಟಿಯ ಜಾಗವನ್ನು ಬದಲಾಯಿಸಿದರು, ಇನ್ನೊಂದರವರು ಹಳೆಯ ಜಾಗದಲ್ಲೇ ಬಿಟ್ಟರು.

ಪಿಸ್ತೂಲಿನಲ್ಲಿ ಎರಡು ಮುಖ್ಯ ಭಾಗ. ಮೇಲಿನದು ಸ್ಲೈಡ್, ಗುಂಡು ಹಾರಿದಾಗಲೆಲ್ಲ ಹಿಂದೆ ಮುಂದೆ ಓಡುವುದು. ಕೆಳಗಿನದು ಫ್ರೇಮ್, ಕೈಯಲ್ಲಿ ಹಿಡಿಯುವುದು, ಓಡುವುದಿಲ್ಲ. ಕ್ಯಾಂಪಿಗೆ ಮೊದಲು ಬಂದ, ಉಳಿದವರ ಪಿಸ್ತೂಲುಗಳಲ್ಲಿ ಸೇಫ್ಟಿ ಇರುವುದು ಸ್ಲೈಡಿನಲ್ಲಿ. ಅದನ್ನು ಕೆಳಗೆ ಒತ್ತಿದರೆ ಎರಡು ಕೆಲಸ ಆಗುತ್ತದೆ. ಗುಂಡಿಗೆ ಬಡಿಯುವ ಸೂಜಿ ಮರೆಯಾಗುತ್ತದೆ, ಹಿಂದೆ ಸೆಟೆದು ನಿಂತ ಹ್ಯಾಮರ್, ಅಂದರೆ ಸೂಜಿಗೆ ಹೊಡೆಯುವ ಸುತ್ತಿಗೆ, ಅಪಾಯವಿಲ್ಲದೆ ಮುಂದಕ್ಕೆ ಬೀಳುತ್ತದೆ. ಅಂದರೆ ಕೆಳಗೆ ಇದ್ದರೆ ಭದ್ರ. ಹುಡುಗಿಯ ಪಿಸ್ತೂಲಿನಲ್ಲಿ ಸೇಫ್ಟಿ ಇರುವುದು ಫ್ರೇಮಿನಲ್ಲಿ. ಅದನ್ನು ಮೇಲೆತ್ತಿದರೆ ಸ್ಲೈಡಿಗೂ ಹ್ಯಾಮರಿಗೂ ಬೀಗ. ಹ್ಯಾಮರ್ ಸೆಟೆದೇ ನಿಂತಿರುತ್ತದೆ, ಬೀಳಲಿಕ್ಕೆ ಆಗುವುದಿಲ್ಲ. ಕೆಳಗೆ ಒತ್ತಿದರೆ ಬೀಗ ತೆರೆಯಿತು, ಟ್ರಿಗರಿಗೆ ಬೆರಳು ತಾಗಿದರೆ ಸಾಕು. ಅಂದರೆ ಮೇಲೆ ಇದ್ದರೆ ಭದ್ರ.

ನನಗೆ ನಮ್ಮ ಮನೆಯ ಬಾಗಿಲುಗಳು ನೆನಪಾದವು. ಅಡಿಗೆ ಕೋಣೆಯ ಚಿಲಕ ಬಾಗಿಲಿಗೇ ಹೊಡೆದದ್ದು, ಬಾಗಿಲಿನ ಜತೆ ತಿರುಗುತ್ತದೆ, ಕೆಳಗೆ ಒತ್ತಿದರೆ ಭದ್ರ. ದನದ ಕೊಟ್ಟಿಗೆಯದ್ದು ದಾರಂದಕ್ಕೆ, ಅಂದರೆ ಬಾಗಿಲ ಚೌಕಟ್ಟಿಗೆ, ಹೊಡೆದದ್ದು, ಬಾಗಿಲು ಎಲ್ಲಿ ಹೋದರೂ ಅದು ಅಲ್ಲೇ, ಮೇಲೆತ್ತಿದರೆ ಭದ್ರ. ಹಾಗೆಂದು ಹೇಳಿದೆ.

ಅವರು ಎರಡು ಪಿಸ್ತೂಲುಗಳನ್ನೂ ಒಮ್ಮೆ ನೋಡಿ, "ಅದೇ ಚೇಚಿ. ಇನ್ನು ನಾನೂ ಹಾಗೇ ಹೇಳಿಕೊಡುವುದು," ಎಂದರು.

ಆಗ ಇನ್ನೊಂದು ಸಂಗತಿಯೂ ಹೊಳೆಯಿತು. ನಮ್ಮ ಪಟ್ಟಿ ಎಲ್ಲರ ಸೇಫ್ಟಿಯನ್ನೂ ಕೆಳಗೆ ಒತ್ತುತ್ತಿತ್ತು. ಉಳಿದವರಿಗೆ ಕೆಳಗೆ ಎಂದರೆ ಭದ್ರ. ಅವರು ಸೇಫ್ಟಿ ಹಾಕಲು ಮರೆತರೂ ಒರೆ ಅವರ ಪರವಾಗಿ ಹಾಕಿಬಿಡುತ್ತಿತ್ತು. ಮರೆತವರೆಲ್ಲ ಜಾಗ್ರತೆಯವರೆನಿಸಿಕೊಂಡು, ನೆನಪಿಟ್ಟು ಹಾಕಿದವಳು ಒಬ್ಬಳು ಅಜಾಗ್ರತೆಯವಳಾಗಿದ್ದಳು.

ಮೇಡಂ ಬಂದರು. ಆರ್ಮರರ್ ಸಾರ್ ಎಲ್ಲವನ್ನೂ ಮತ್ತೊಮ್ಮೆ ಮಾಡಿ ತೋರಿಸಿದರು. ಮೇಡಂ ಕೆಂಪು ಬೊಟ್ಟನ್ನು ನೋಡಿದರು, ಬೆರಳಿನಿಂದ ಒರೆಸಿ ಬೆರಳನ್ನು ನೋಡಿದರು. ಮೈದಾನದಲ್ಲಿ ಓಡುತ್ತಿದ್ದ ಹುಡುಗಿಯನ್ನು ಕರೆಸಿದರು. ಅವಳು ಬೆವರು ಒರೆಸಿಕೊಳ್ಳುತ್ತಾ ಬಂದು ನಿಂತಳು, ನಮ್ಮನ್ನು ಕಂಡು ಹೆದರಿದಳು.

"ನೀನು ಸೇಫ್ಟಿ ಹಾಕ್ತಾ ಇದ್ದೆ," ಎಂದರು ಮೇಡಂ.

"ಹೌದು ಮೇಡಂ."

"ಹಾಕ್ತಾ ಇದ್ದೆ. ನಾನು ನಂಬಲಿಲ್ಲ. ಹೋಗು, ನೀರು ಕುಡಿ."

ಅಷ್ಟೇ. ಆದರೆ ಹುಡುಗಿ ಹೋಗುವಾಗ ಅವಳ ನಡಿಗೆ ಬೇರೆ ಇತ್ತು.

ಆಯ್ಕೆಯ ದಿನ ಹತ್ತಿರ ಬಂದಿತ್ತು. ಒರೆ ಸರಿಯಾಗದಿದ್ದರೆ ಹುಡುಗಿ ಹಳೆಯ ಚರ್ಮದ ಒರೆಯಲ್ಲೇ ನಿಲ್ಲಬೇಕು, ಅದರಲ್ಲಿ ಅವಳ ಕೈ ಬೇಗ ಬರುವುದಿಲ್ಲ. ಬೇರೆಯವರ ಪಿಸ್ತೂಲು ಕೊಡೋಣ ಎಂದರೆ ಅವಳ ಹೆಬ್ಬೆರಳಿಗೆ ಸೇಫ್ಟಿಯನ್ನು ಕೆಳಗೆ ಒತ್ತಿ ತೆಗೆದು ಅಭ್ಯಾಸ. ಅದರಲ್ಲಿ ಮೇಲೆತ್ತಬೇಕು. ಈಗ ತಿರುಗಿಸಿ ಕಲಿಯಲು ಸಮಯವಿಲ್ಲ. ಮೇಡಂ ಹೇಳಿದ್ದು ಸರಿಯಾಗಿಯೇ ಇತ್ತು. ಅವಳ ಒಂದು ಒರೆಯನ್ನು ಬೇಗ ಬದಲಾಯಿಸಿ ಕೊಡಿ, ಉಳಿದದ್ದು ಆಮೇಲೆ ನೋಡುವಾ.

ನಾನು ಒಪ್ಪಿಬಿಡುತ್ತಿದ್ದೆ. ಬಾಯಿಗೆ ಬಂದಿತ್ತು. ಆದರೆ ಮೇಜಿನ ಮೇಲೆ ಆ ಅವಳಿಗಳು ಮಲಗಿದ್ದವು, ಆರ್ಮರರ್ ಸಾರ್ ಮಾತಿನ ನಡುವೆ ತಿರುಗಿಸಿಟ್ಟದ್ದರಿಂದ ಯಾವುದು ಯಾವುದೆಂದು ನನಗೇ ಒಂದು ಗಳಿಗೆ ತಿಳಿಯಲಿಲ್ಲ. ದಿನವೂ ನೋಡುವವರಿಗೆ ತಿಳಿಯುತ್ತದೆ ನಿಜ. ಅವಸರದವರಿಗೆ? ಹೊಸಬರಿಗೆ? ಹೆರಿಗೆ ರಜೆ ಮುಗಿಸಿ ಬರುವವಳಿಗೆ? ಇವತ್ತು ಹುಡುಗಿಯ ಒರೆಯನ್ನು ಸರಿ ಮಾಡಿ ಹೋದರೆ, ನಾಳೆ ಯಾರಾದರೂ ಅವಳ ಪಿಸ್ತೂಲನ್ನು ಪಕ್ಕದವಳ ಒರೆಯಲ್ಲಿ ಇಡುತ್ತಾರೆ. ಆಗ ಒಳಗೆ ಗುಂಡು ಇರುತ್ತದೆ.

"ಒಂದಲ್ಲ ಮೇಡಂ, ಎಲ್ಲ ಒರೆಗಳನ್ನೂ ಕೊಡಿ," ಎಂದೆ. "ತಪ್ಪು ಪಿಸ್ತೂಲು ಇಟ್ಟರೆ ಬಟನ್ ಕೂರಬಾರದು. ಹಾಗೆ ಮಾಡಿ ತರ್ತೇವೆ."

ಅಕ್ಕ ನನ್ನನ್ನು ನೋಡಿದ ನೋಟವನ್ನು ಬರೆಯಲು ನನಗೆ ಬರುವುದಿಲ್ಲ.

"ಆಯ್ಕೆಯ ದಿನಕ್ಕೆ ಆಗ್ತದಾ?" ಮೇಡಂ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಅಕ್ಕ, "ಆಗ್ತದೆ ಮೇಡಂ. ಇವಳು ಹೇಳಿ ಆಯ್ತಲ್ಲ, ಇನ್ನು ಮಾಡದೆ ಬಿಡ್ತಾಳಾ?" ಎಂದರು. ಬಸ್ಸಿನಲ್ಲಿ ಮಾತ್ರ ಚೆರ್ಕಳ ದಾಟುವವರೆಗೂ ಕಿಟಕಿಯ ಕಡೆಗೇ ಮುಖ ತಿರುಗಿಸಿ ಕೂತರು.

ಹುಡುಗಿಯ ಪಿಸ್ತೂಲಿನದ್ದು ನೀಲಿ ಬೊಂಬೆ ಇಲ್ಲ. ಅಚ್ಚು ತೆಗೆಯಲು ನಿಜವಾದದ್ದೇ ಬೇಕು, ಅದು ಕ್ಯಾಂಪು ಬಿಟ್ಟು ಬರುವುದಿಲ್ಲ. ಹಾಗಾಗಿ ಹಾಳೆಯೇ ಕ್ಯಾಂಪಿಗೆ ಹೋಯಿತು. ಮರುದಿನ ನೆನೆಸಿದ ಹಾಳೆಯನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲಿ ಕೊಂಡುಹೋದೆವು. ಕಂಡಕ್ಟರ್ ಮೀನು ಎಂದುಕೊಂಡು ಹಿಂದೆ ಇಡಲು ಹೇಳಿದ. ಒದ್ದೆ ವಸ್ತು ಎಂದಕೂಡಲೇ ಆರ್ಮರರ್ ಸಾರ್ ಅಡ್ಡ ಬಂದರು. ಪಿಸ್ತೂಲಿಗೆ ಪ್ಲಾಸ್ಟಿಕ್ ಹೊದಿಕೆ ಸುತ್ತಿ, ಅದರ ಮೇಲೆ ಇನ್ನೊಂದು ಸುತ್ತಿ, ಸೇಫ್ಟಿಯನ್ನು ಮೇಲೆತ್ತಿದ ಸ್ಥಿತಿಯಲ್ಲೇ ನಿಲ್ಲಿಸಿದ ಮೇಲೆ ಒಪ್ಪಿದರು. ಹಾಳೆಯನ್ನು ಒತ್ತಿ, ಹತ್ತಿಯ ಪಟ್ಟಿಯಲ್ಲಿ ಕಟ್ಟಿ, ಬಿಸಿಲಲ್ಲಿಟ್ಟೆವು.

ಅಂದು ಬೆಳಿಗ್ಗೆಯಿಂದ ಮೋಡ ಇತ್ತು. ನಾನು ಒಳಗೊಳಗೇ ಸ್ತೋತ್ರ ಹೇಳುತ್ತಿದ್ದೆ. ಕಟ್ಟಿ ಮುಗಿಸುವ ಹೊತ್ತಿಗೆ ಬಿಸಿಲು ಬಂತು, ಸಂಜೆಯವರೆಗೂ ಹೋಗಲಿಲ್ಲ. ಯಾರು ಏನು ಬೇಕಾದರೂ ಹೇಳಲಿ, ಅದನ್ನು ನಾನು ಸುಮ್ಮನೆ ಬಂದ ಬಿಸಿಲು ಎನ್ನುವುದಿಲ್ಲ. ಪಿಸ್ತೂಲನ್ನು ಒಂಟಿ ಬಿಡುವಂತಿಲ್ಲವಾದ್ದರಿಂದ ಆರ್ಮರರ್ ಸಾರ್ ಅದರ ಪಕ್ಕದಲ್ಲೇ ಕುರ್ಚಿ ಹಾಕಿ ಕೂತರು. ಕಾಗೆ ಬಂದರೆ ಓಡಿಸಿದರು. ಸರ್ವಿಸಿನಲ್ಲಿ ಏನೇನೋ ಕಾವಲು ಕಾದಿದ್ದೇನೆ, ಹಪ್ಪಳ ಕಾದದ್ದು ಇದೇ ಮೊದಲು ಎಂದರು.

ಒಣಗಿದ ಚಿಪ್ಪನ್ನು ಬಿಚ್ಚಿ, ಮೊದಲಿನ ಚಿಪ್ಪಿನ ಪಕ್ಕದಲ್ಲಿಟ್ಟಾಗ ಕಣ್ಣಿಗೆ ಕಾಣದ್ದು ಬೆರಳಿಗೆ ಸಿಕ್ಕಿತು. ಒಂದರ ಉಬ್ಬು ಮೇಲೆ, ಇನ್ನೊಂದರದ್ದು ಕೆಳಗೆ. ಒಂದರಲ್ಲಿ ಉಬ್ಬಿರುವಲ್ಲಿ ಇನ್ನೊಂದು ನುಣ್ಣಗೆ. ನಮ್ಮ ದಾರಿ ಅಲ್ಲೇ ಇತ್ತು.

ಹುಡುಗಿಯ ಒರೆಯಲ್ಲಿ ಪಟ್ಟಿಯನ್ನು ಮೇಲಕ್ಕೆ ಸರಿಸಿದೆವು. ಅದು ಈಗ ಸ್ಲೈಡಿನ ಹಿಂಭಾಗವನ್ನು ಬಳಸಿ ಹೋಗುತ್ತದೆ, ಸೇಫ್ಟಿಯನ್ನು ಮುಟ್ಟುವುದೇ ಇಲ್ಲ. ಸೇಫ್ಟಿಯ ಅಡಿಗೆ ಗಟ್ಟಿ ಶೀಟಿನ ಒಂದು ಚಿಕ್ಕ ಮೆಟ್ಟಿಲು ಹೊಲಿದೆವು, ಮೇಲೆತ್ತಿದ ಸನ್ನೆ ಅದರ ಮೇಲೆ ಕೂರುತ್ತದೆ, ಎಳೆಯುವವರೆಗೆ ಕೆಳಗೆ ಬೀಳುವಂತಿಲ್ಲ. ಆ ಒರೆಯಲ್ಲಿ ಮತ್ತೊಂದು ಜಾತಿಯ ಪಿಸ್ತೂಲು ಇಟ್ಟರೆ, ಪಟ್ಟಿ ಹೋಗುವ ದಾರಿಯಲ್ಲೇ ಅದರ ಸ್ಲೈಡಿನ ಸೇಫ್ಟಿ ಚಾಚಿಕೊಂಡಿರುತ್ತದೆ. ಪಟ್ಟಿ ಬಟನಿನವರೆಗೆ ಮುಟ್ಟುವುದಿಲ್ಲ.

ಉಳಿದ ಒರೆಗಳಿಗೆ ಒಳಗಡೆ, ಫ್ರೇಮಿನ ಸೇಫ್ಟಿ ಬರುವ ಜಾಗದಲ್ಲಿ, ಒಂದು ಗಟ್ಟಿ ಮಣಿ ಹೊಲಿದೆವು. ಅವರ ಪಿಸ್ತೂಲು ಅಲ್ಲಿ ನುಣ್ಣಗಿರುವುದರಿಂದ ಮಣಿ ತಡೆಯುವುದಿಲ್ಲ. ಹುಡುಗಿಯದ್ದನ್ನು ಇಟ್ಟರೆ ಮಾತ್ರ ತಡೆದು ಪಿಸ್ತೂಲು ಪೂರ್ತಿ ಇಳಿಯುವುದಿಲ್ಲ. ಇಲ್ಲಿ ಒಂದು ಪೇಚು ಬಂತು. ಕ್ಯಾಂಪಿನಲ್ಲಿ ಒಮ್ಮೆ ಇಟ್ಟು ನೋಡಿದಾಗ, ಪಟ್ಟಿ ಸ್ವಲ್ಪ ಸಡಿಲಿದ್ದರೂ ಜೋರಾಗಿ ಎಳೆದರೆ ತಪ್ಪು ಪಿಸ್ತೂಲಿಗೂ ಬಟನ್ ಕೂರುತ್ತಿತ್ತು. ಕೋಣೆಗೆ ಬಂದು ಮೇಜಿನ ಮೇಲೆ ಎಲ್ಲ ಹರಡಿ ಒಂದೊಂದನ್ನೂ ತಿರುಗಿಸಿ ನೋಡಿದೆವು.

ಅಕ್ಕ ಎದ್ದು, ಬಿಚ್ಚಿದ ಹಳೆಯ ಪಟ್ಟಿಯೊಂದನ್ನು ತೆಗೆದು ಅಳತೆ ಹಿಡಿದರು. "ಒಂದು ನೂಲು ಬಿಗಿ. ಮುಟ್ಟಾಳೆಯ ಹಾಗೆ," ಎಂದರು.

ಮೊದಲು ಕೆಟ್ಟದ್ದು ಯಾವುದರಿಂದಲೋ, ಅದರಿಂದಲೇ ಸರಿಯಾಯಿತು. ಸರಿಯಾದ ಪಿಸ್ತೂಲಿಗೆ ಬಟನ್ ಟಪ್ಪನೆ ಕೂರುತ್ತದೆ. ತಪ್ಪಾದದ್ದಕ್ಕೆ ಎಷ್ಟು ಎಳೆದರೂ ಇಲ್ಲ. ಮೇಲಿನ ಹೊಲಿಗೆಗೆ ಎರಡು ಬಣ್ಣ ಹಾಕಿದೆವು. ಬಾಗಿಲ ಚಿಲಕದವುಗಳಿಗೆ ಅರಸಿನ, ದಾರಂದದ ಚಿಲಕದವುಗಳಿಗೆ ಕುಂಕುಮ. ಕೊನೆಯ ಒರೆಯ ನೂಲು ಕತ್ತರಿಸುವವರೆಗೆ ಒಂದು ಸೂಜಿಯೂ ಮುರಿಯಲಿಲ್ಲ, ಕರೆಂಟೂ ಹೋಗಲಿಲ್ಲ. ಅದನ್ನೂ ಎಣಿಸಿಟ್ಟಿದ್ದೇನೆ.

ಆಯ್ಕೆಯ ದಿನ ನಮ್ಮನ್ನೂ ಕರೆದಿದ್ದರು. ಹಗ್ಗದ ಹಿಂದೆ ನಿಂತೆವು, ಕಿವಿಗೆ ಮುಚ್ಚಳ ಕೊಟ್ಟರು. ಮೇಡಂ ಸಾಲಿನಲ್ಲಿ ನಡೆದು ಒಬ್ಬೊಬ್ಬರ ಪಟ್ಟಿಯನ್ನು ಬಿಚ್ಚಿ ನೋಡುತ್ತಾ ಬಂದರು. ಹುಡುಗಿಯ ಹತ್ತಿರ ನಿಂತರು. ಅಕ್ಕ ನನ್ನ ಕೈ ಹಿಡಿದಿದ್ದರು, ಧೈರ್ಯ ಯಾರಿಗೆ ಯಾರು ಕೊಡುತ್ತಿದ್ದೆವೋ. ಮೇಡಂ ಬಗ್ಗಿ ನೋಡಿದರು. ಪಟ್ಟಿಯನ್ನು ತಾವೇ ಜೋರಾಗಿ ಎಳೆದು ಬಟನ್ ಹಾಕಿ, ಮತ್ತೆ ಬಿಚ್ಚಿ ನೋಡಿದರು. ತಲೆ ಆಡಿಸಿ ಮುಂದೆ ಹೋದರು. ಸನ್ನೆ ಮೇಲೆಯೇ ಇತ್ತು.

ಸೀಟಿ ಊದಿತು. ಹುಡುಗಿಯ ಕೈ ಇಳಿದದ್ದು ಕಂಡಿತು, ಎದ್ದದ್ದು ಕಾಣಲಿಲ್ಲ, ಅಷ್ಟು ಬೇಗ. ಮೊಣಕೈ ಪಕ್ಕೆಯನ್ನು ಬಿಟ್ಟು ಹೋಗಲಿಲ್ಲ. ಮೂತಿ ಗುರಿಯ ಕಡೆ ನಿಂತ ಮೇಲೆ ಹೆಬ್ಬೆರಳು ಕೆಳಗೆ ಒತ್ತಿತು. ಆಮೇಲೆ ಸದ್ದು, ಮತ್ತೆ ಸದ್ದು. ಗುರಿಯ ಕಾಗದ ತಂದು ತೋರಿಸಿದಾಗ ತೂತುಗಳೆಲ್ಲ ನಡುವೆ ಒಟ್ಟಾಗಿದ್ದವು, ಹತ್ತಿರ ಹತ್ತಿರ ಹಾಕಿದ ಹೊಲಿಗೆಯ ಹಾಗೆ. ಆಯ್ಕೆಯಲ್ಲಿ ಅವಳ ಹೆಸರನ್ನೇ ಮೊದಲು ಓದಿದರು.

ಸ್ಪರ್ಧೆಯಿಂದ ಅವಳು ಬೆಳ್ಳಿಯ ಪದಕ ತಂದಳು. ಮನೆಗೆ ಹೋಗುವ ಮೊದಲು ಬಸ್ಸಿಳಿದು ನಮ್ಮ ಮೆಟ್ಟಿಲು ಹತ್ತಿ, ಅದನ್ನು ಅಕ್ಕನ ಕೊರಳಿಗೆ ಹಾಕಿದಳು. ಅಕ್ಕ ಅದನ್ನು ಹಾಕಿಕೊಂಡೇ ಒಂದು ಚೀಲ ಹೊಲಿದು ಮುಗಿಸಿದರು. ತೆಗೆಯಿರಿ ಎಂದರೆ, ಇರಲಿ ಮಾರಾಯ್ತಿ, ಭಾರ ಇಲ್ಲ ಎಂದರು. ಕ್ಯಾಂಪಿನ ಉಳಿದ ಹೆಂಗಸರ ಒರೆಗಳನ್ನೂ ಈಗ ನಾವೇ ಹೊಲಿಯುತ್ತೇವೆ. ನಮ್ಮ ಅಯಲ್‌ಕೂಟದ ಇನ್ನಿಬ್ಬರು ಮುಟ್ಟಾಳೆಯ ಬಿಗಿಯನ್ನು ಕಲಿತಿದ್ದಾರೆ.

ಮೊನ್ನೆ ಮೇಡಂ ಫೋನ್ ಮಾಡಿದರು. ಹೊಸದಾಗಿ ಸೇರಿದ ಒಬ್ಬಳು ಗುಂಡು ಹಾಕಿದ ಅಭ್ಯಾಸದ ದಿನ ಅವಸರದಲ್ಲಿ ಕುಂಕುಮದ ಪಿಸ್ತೂಲನ್ನು ಅರಸಿನದ ಒರೆಗೆ ಇಟ್ಟಳಂತೆ. ಎಳೆದಳಂತೆ, ಮತ್ತೆ ಎಳೆದಳಂತೆ, ಆಮೇಲೆ ಕೈಯೆತ್ತಿ ಮೇಡಮ್ಮನ್ನು ಕರೆದಳಂತೆ. "ಬಟನ್ ಕೂರಲಿಲ್ಲ ಚೇಚಿ," ಎಂದರು.

ಫೋನ್ ಇಟ್ಟು, ದೇವರ ಪಟಕ್ಕೆ ಕೈ ಮುಗಿದು, ಅಕ್ಕನಿಗೆ ಹೇಳಿದೆ. ಅವರು ಮೆಷಿನ್ ನಿಲ್ಲಿಸಲಿಲ್ಲ.

"ಹೇಗೆ ಕೂತ್ಕೊಳ್ತದೆ?" ಎಂದರು. "ನಾವು ಹೊಲಿದದ್ದಲ್ವಾ."